ಏಳು ನಿಮಿಷದ ಅಪ್ಪ

‘ಏನೋ, ರಾತ್ರಿ ಹನ್ನೊಂದಾಯ್ತು, ಕಾರ್ಟೂನ್ ನೋಡ್ತಿದ್ದೀಯ? ಪುಟ್ಟ ಆಗ್ಲೇ ಮಲಗಿದ್ನಲ್ಲೋ!’ ಅಜ್ಜಿ ಕಣ್ಣುಜ್ಜಿಕೊಂಡರು.

‘ರಿಸರ್ಚಮ್ಮಾ. ಮಗೂನೂ ನೋಡ್ಬೇಕು, ನಮ್ಮ ತಲೇನೂ ಕೆಡಬಾರ್ದು. ಅಂಥದ್ದು ಹುಡುಕ್ತಿದೀನಿ’ ಅಂದ ರಾಜೇಶ.

‘ಆ ಹಂದಿ ಸಂಸಾರ ಏನಾಯ್ತು?’

‘ಪೆಪ್ಪಾನಾ? 2004ರಿಂದ ಅದೇ ಕೆಸರಲ್ಲಿ ಕುಣೀತಿದೆ. ಸಾಕಾಯ್ತು.’

‘ಕೆಸರಾಟ ಆಗಲ್ಲ ಅಂತೀಯ, ನ್ಯೂಸ್ ಹೇಗೆ ನೋಡ್ತೀಯೋ?’

‘ಛೋಟಾ ಭೀಮ್ ಹಾಕಿದ್ರೆ ಲಡ್ಡು ಕೇಳ್ತಾನೆ, ರಾಗಿ ಸರಿ ಉಗೀತಾನೆ’ ಎಂದಳು ವೀಣಾ. ‘ಅದಕ್ಕೇ ಈ ಬ್ಲೂಯಿ. ಆಸ್ಟ್ರೇಲಿಯಾದ ನೀಲಿ ನಾಯಿಮರಿ. ಒಂದು ಕಂತು ಏಳೇ ನಿಮಿಷ ಅತ್ತೆ.’

‘ಕಂತು ಅಂದೆಯಲ್ಲ, ಈ ಟೀವಿದು ಇನ್ನೆಷ್ಟು ಬಾಕಿ?’

ರಾಜೇಶ ಮೂಗೊರೆಸಿಕೊಂಡ. ‘ಆ ಅಪ್ಪ ನಾಯಿ ಇದೆಯಲ್ಲಮ್ಮಾ, ಮಕ್ಕಳು ಯಾವ ಆಟಕ್ಕೆ ಕರೆದ್ರೂ ಹೋಗುತ್ತೆ. ಅಳೂನೇ ಬಂತು.’

‘ಪಾಪ, ಅದರ ಮನೇಲಿ ಟೀವಿ ಇಲ್ವೇನೋ!’

‘ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದೇ ಗಂಟೆ ಅಂತ 2019ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ ಅತ್ತೆ. ನಾವೂ ಅಷ್ಟೇ ಬಿಡೋದು.’

‘ನೋಡಿದೀನಲ್ಲಮ್ಮ. ತಿಂಡಿಗೆ ಒಂದೇ ಗಂಟೆ, ಊಟಕ್ಕೆ ಒಂದೇ ಗಂಟೆ, ನಿಮ್ಮಿಬ್ಬರ ಮೀಟಿಂಗಿಗೆ ಒಂದೊಂದೇ ಗಂಟೆ.’

ಅಷ್ಟರಲ್ಲಿ ಪುಟ್ಟ ಎದ್ದು ಬಂದು ಅಪ್ಪನ ಪಂಚೆ ಜಗ್ಗಿದ. ‘ಅಪ್ಪಾ, ಕುದುರೆ ಆಟ!’

‘ಶ್... ಅಜ್ಜಿ ಹತ್ರ ಹೋಗು ಕಂದಾ. ಇಲ್ಲಿ ಅಪ್ಪ ಈಗ ತಾನೇ ಕುದುರೆ ಆಗ್ತಿದ್ದಾನೆ!’