ಪುಂಡಿಪಲ್ಲೆಯ ಪ್ರವಾಸ

ಊರು ಬಿಟ್ಟರೂ ಒಗ್ಗರಣೆ ಬಿಡದವರ ಬಗ್ಗೆ ನನಗೆ ಅಪಾರ ಗೌರವ. ಅಂಥವರೊಬ್ಬರನ್ನು ಮದುವೆಯಾಗಿರುವುದರಿಂದ ಆ ಗೌರವ ಕಡ್ಡಾಯವೂ ಹೌದು. ತಂಗಿಯ ಮಗಳ ಲಗ್ನಪತ್ರಿಕೆ ಹಂಚಲು ಬೀದರ್ ಕಡೆ ಹೊರಟಾಗ ನಮ್ಮ ಮನೆಯಾಕೆ ಶಾಸನ ಹೊರಡಿಸಿದಳು: “ಹೋಟೆಲ್ ಬೇಡ, ಕಂಡಕಂಡವರ ಮನೆಯಲ್ಲಿ ಊಟವೂ ಬೇಡ. ಇಳಿದುಕೊಂಡಲ್ಲೇ ಅಡುಗೆ.” ಅದಕ್ಕೆಂದೇ ಒಲೆಯಿರುವ ಬಾಡಿಗೆ ಕೋಣೆ ಹುಡುಕಿದ್ದಾಯಿತು. ನನ್ನ ಎರಡು ಅಂಗಿ ತೆಗೆದಿಟ್ಟು ಆ ಜಾಗದಲ್ಲಿ ಕುಕ್ಕರ್ ತುಂಬಿದ್ದೂ ಆಯಿತು.

ಬೀದರ್ ಜಿಲ್ಲೆಯಲ್ಲಿ ಇಂಥ ಶಪಥ ಮಾಡುವವರು ಮೊದಲು ಅಫನಾಸಿ ನಿಕಿತಿನ್‌ನನ್ನು ನೆನೆಯಬೇಕು. ರಷ್ಯಾದ ತ್ವೇರ್ ಊರಿನ ಈ ವ್ಯಾಪಾರಿ 15ನೇ ಶತಮಾನದಲ್ಲಿ ಒಂದು ಕುದುರೆ ಹಿಡಿದುಕೊಂಡು ಬಹಮನಿಗಳ ಬೀದರಿಗೆ ಬಂದ. ಅದನ್ನು ಮಾರುವಷ್ಟರಲ್ಲಿ ಸಾಕುಸಾಕಾಗಿ, ಮೆಣಸು ಮತ್ತು ಬಣ್ಣ ಅಗ್ಗ, ಉಳಿದಂತೆ ನಮ್ಮ ದೇಶಕ್ಕೆ ಬೇಕಾದ್ದು ಇಲ್ಲೇನೂ ಇಲ್ಲ ಎಂದು ಗೊಣಗಿದ. ಗೊಣಗುವುದು ಗಿರಾಕಿಯ ಹಕ್ಕು, ಬಿಡಿ. ಆದರೆ ಇನ್ನೊಂದು ಸಂಗತಿಯನ್ನೂ ಅವನು ಬರೆದಿಟ್ಟಿದ್ದಾನೆ: ಈ ಸೀಮೆಯಲ್ಲಿ ಕುದುರೆಗೂ ಸಕ್ಕರೆ, ಎಣ್ಣೆ ಹಾಕಿ ಬೇಯಿಸಿದ ಕಿಚಡಿ ತಿನ್ನಿಸುತ್ತಾರಂತೆ! ಕುದುರೆಗೇ ಕಿಚಡಿ ಬೇಯಿಸಿ ಹಾಕಿದ ನೆಲ, ಬೀಗರ ಕಡೆಯವರನ್ನು ಉಪವಾಸ ಕಳಿಸೀತೇ?

ಬೆಳಿಗ್ಗೆ ಮೊದಲ ಕೆಲಸ ತೊಗರಿಬೇಳೆ. ತೊಗರಿ ಬೆಳೆಯುವ ನಾಡಿಗೆ ಬಂದು ಕಿರಾಣಿ ಅಂಗಡಿಯ ಪಾಕೀಟು ಕೊಳ್ಳುವುದು ಅವಮಾನ ಎಂದು ಮನೆಯಾಕೆ ನೇರ ಗಾಂಧಿ ಗಂಜಿಗೆ ನಡೆದಳು. ಅಲ್ಲಿ ತೊಗರಿ, ಹೆಸರು, ಉದ್ದು ಚೀಲದ ಲೆಕ್ಕದಲ್ಲಿ ರಾಶಿ ಬಿದ್ದಿದ್ದವು. ಅಡತಿ ಅಂಗಡಿಯ ಗಾದಿಯ ಮೇಲೆ ಕೂತಿದ್ದ ಕಾಕಾನ ಮುಂದೆ ನಿಂತು ಈಕೆ, “ಅರ್ಧ ಕಿಲೊ ಕೊಡ್ರಿ” ಅಂದಳು. ಹಮಾಲರ ಕೈ ನಿಂತವು. ಕಾಕಾ ಕನ್ನಡಕ ಏರಿಸಿ, “ಅರ್ಧ ಕಿಲೊ ನಮ್ಮಲ್ಲಿ ಗುಬ್ಬಿ ಪಾಲಿಗಿ ಬಿಡ್ತೀವ್ರಿ ಯವ್ವಾ” ಅಂದ. ಅಷ್ಟಕ್ಕೇ ಬಿಡಲಿಲ್ಲ. ಹುಡುಗನನ್ನು ಓಡಿಸಿ ಚಹಾ ತರಿಸಿದ, ಎದುರಿನ ಅಂಗಡಿಯಿಂದ ಬೇಳೆ ಕೊಡಿಸಿದ, ಪತ್ರಿಕೆಯನ್ನೂ ಒಂದು ಇಸಿದುಕೊಂಡ. “ಚಹಾ ಊಟವಲ್ಲ” ಎಂದು ಮನೆಯಾಕೆ ಶಾಸನಕ್ಕೆ ಮೊದಲ ತಿದ್ದುಪಡಿ ತಂದಳು.

ಮುಂದೆ ಪೇಟೆಯಲ್ಲಿ ಕಾಯಿಪಲ್ಲೆ. ಪುಂಡಿಪಲ್ಲೆ ಎಳೆಯದಾಗಿ ಸಿಕ್ಕಿತು. ಕೆಂಪು ದಂಟು, ಕೈಗೆ ಅಂಟುವ ಹುಳಿ ಎಲೆ. ಬೀದರಿನಲ್ಲಿ ಸೊಪ್ಪಿಗೆ ದುಡ್ಡು, ಅಡುಗೆ ಪಾಠ ಪುಕ್ಕಟೆ. ಸಿವುಡು ಕಟ್ಟುತ್ತಿದ್ದ ಅವ್ವ, “ತೊಗರಿಬ್ಯಾಳಿ ಸಂಗಾಟ ಜೋಳದ ನುಚ್ಚು ಹಾಕು, ಬಳ್ಳೊಳ್ಳಿ ಒಗ್ಗರಣಿ ಕೊಡು, ಮುಗೀತು” ಅಂದಳು. ಪಕ್ಕದಲ್ಲಿ ಲಿಂಬೆಹಣ್ಣು ಮಾರುತ್ತಿದ್ದ ಖಾಲಾ, “ನಕ್ಕೊ ಅಮ್ಮಾ, ಗೋಷ್ ಇಲ್ದೆ ಅದೇನು ಸಾಲನ್!” ಎಂದು ತಲೆ ಕೊಡವಿದಳು. ಇಬ್ಬರಿಗೂ ಜಗಳವೇ ಹತ್ತಿತು. ನಾವು ಚಿಲ್ಲರೆ ಇಸಿದುಕೊಂಡು ಜಾಗ ಖಾಲಿ ಮಾಡಿದರೂ ಅವರ ವಾದ ಮುಗಿದಿರಲಿಲ್ಲ. ಚೌಬಾರಾದ ಆ ದುಂಡು ಗೋಪುರ ನಾಲ್ಕು ದಾರಿಗಳ ನಡುವೆ ಶತಮಾನಗಳಿಂದ ನಿಂತಿರುವುದು ಕಾವಲಿಗೆಂದು ಹೇಳುತ್ತಾರೆ. ನನ್ನ ಪ್ರಕಾರ ಇಂಥ ಜಗಳ ಕೇಳುವುದಕ್ಕೇ ನಿಂತಿದೆ.

ಅಲ್ಲಿಂದ ಮಹಮೂದ್ ಗವಾನನ ಮದರಸಾ ಹತ್ತಿರವೇ. ಪರ್ಷಿಯಾದಿಂದ ವ್ಯಾಪಾರಕ್ಕೆಂದು ಬಂದವನು ಇಲ್ಲೇ ಉಳಿದು, ಬಹಮನಿಗಳ ಪ್ರಧಾನಿಯಾಗಿ 1472ರಲ್ಲಿ ಕಟ್ಟಿಸಿದ್ದು. ಬಾಜಾರಕ್ಕೆಂದು ಬಂದವರನ್ನು ಈ ಊರು ಬೇಗ ಬಿಡುವುದಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ನಾನು ಮಿನಾರಿನ ನೀಲಿ ಹೆಂಚು ನೋಡುತ್ತಿದ್ದೆ, ಮನೆಯಾಕೆ ಪುಂಡಿಗೆ ನೀರು ಚಿಮುಕಿಸುತ್ತಿದ್ದಳು.

ನಾನಕ್ ಝೀರಾ ಗುರುದ್ವಾರದ ಬಳಿ ಒಬ್ಬರಿಗೆ ಪತ್ರಿಕೆ ಕೊಡುವುದಿತ್ತು. “ಒಳಗೆ ಹೋಗಿ ಝರಿಯ ನೀರು ಕುಡಿದು ಬರೋಣ” ಅಂದಳು. ತಲೆಗೆ ಬಟ್ಟೆ ಕಟ್ಟಿ ಒಳಹೊಕ್ಕವರು ಲಂಗರಿನ ಪಂಕ್ತಿಯಲ್ಲಿ ಕೂತದ್ದು ಹೇಗೋ ತಿಳಿಯಲಿಲ್ಲ. ರೋಟಿಗೆ ಎರಡೂ ಕೈ ಒಡ್ಡುತ್ತ ಮನೆಯಾಕೆ ಎರಡನೆಯ ತಿದ್ದುಪಡಿ ಓದಿದಳು: “ಪ್ರಸಾದ ಊಟದ ಲೆಕ್ಕಕ್ಕೆ ಬರೋಲ್ಲ.”

ಭಾಲ್ಕಿಯ ಬಸ್ಸಿನಲ್ಲಿ ಪುಂಡಿಗೆ ಕಿಟಕಿ ಪಕ್ಕದ ಸೀಟು, ನನಗೆ ಕುಕ್ಕರಿನ ಜೊತೆ ಕಾಲಿಡಲು ಜಾಗ. ಕುಕ್ಕರು ಯಾಕೆ ಬಂತು ಎಂದಿರಾ? ಅದರ ರಬ್ಬರು ಸಡಿಲಾಗಿತ್ತು, ರಿಪೇರಿಗೆ. ಭಾಲ್ಕಿಯಲ್ಲಿ ರಿಪೇರಿಯವನು ರಬ್ಬರು ಹಾಕಿ, “ಏನ್ ಮಾಡ್ಲತ್ತೀರಿ ಅಡಗಿ?” ಅಂದ. ಪುಂಡಿ ಅಂದರೆ, “ಅದಕ್ಕ ಕುಕ್ಕರ್ ಯಾಕ್ರಿ, ಗಡಿಗ್ಯಾಗ ಇಡ್ರಿ” ಎಂದು ನಮ್ಮ ಬಂಡವಾಳಕ್ಕೇ ನೀರು ಬಿಟ್ಟ. ಬೀಗರ ಮನೆಯಲ್ಲಿ ಸುಸಲಾ ಮತ್ತು ಮಿರ್ಚಿ ಭಜಿ ಕಾದಿದ್ದವು. ಅದು ‘ನಾಷ್ಟಾ’ ಆದ್ದರಿಂದ ಮೂರನೆಯ ತಿದ್ದುಪಡಿ ಚರ್ಚೆಯಿಲ್ಲದೆ ಅಂಗೀಕಾರವಾಯಿತು.

ಔರಾದಿನಲ್ಲಿ ಅಮರೇಶ್ವರನ ಗುಡಿಗೆ ಕೈಮುಗಿದು ಕೊನೆಯ ಪತ್ರಿಕೆ ಕೊಟ್ಟೆವು. ಆಚೆ ಮಹಾರಾಷ್ಟ್ರ, ಈಚೆ ತೆಲಂಗಾಣ. ಒಂದೇ ಮನೆಯಲ್ಲಿ ಅತ್ತೆ ಮರಾಠಿಯಲ್ಲಿ ಬೈದರೆ ಸೊಸೆ ತೆಲುಗಿನಲ್ಲಿ ಗೊಣಗಿ, ಕನ್ನಡದಲ್ಲಿ ನಮಗೆ ನೀರು ಕೊಟ್ಟಳು. ಬಾಡಿದ ಪುಂಡಿ ನೋಡಿ ಅತ್ತೆ ಕಣಿ ಹಾಕಿ ಮಾಡುವ ಭಾಜಿ ಹೇಳಿಕೊಟ್ಟರು. ಸೊಸೆ ಮೆಣಸಿನಕಾಯಿ ಹುರಿದು ರುಬ್ಬುವ ಪಚ್ಚಡಿ ಹೇಳಿಕೊಟ್ಟಳು. ಝುಣಕ, ರೊಟ್ಟಿ ಉಣ್ಣುತ್ತಲೇ ಎರಡನ್ನೂ ಬರೆದುಕೊಂಡೆವು. ಶಾಸನದಲ್ಲಿ ತಿದ್ದಲು ಇನ್ನೇನೂ ಉಳಿದಿರಲಿಲ್ಲ.

ರಾತ್ರಿ ಬೀದರಿಗೆ ಮರಳಿದಾಗ ಹಸಿವೆಯ ಸುಳಿವಿಲ್ಲ. ಆದರೆ ಮಾತು ಮಾತೇ. ಮನೆಯಾಕೆ ಒಲೆ ಹೊತ್ತಿಸಿದಳು. ವಾಸನೆಗೆ ಮನೆಯೊಡತಿ ಕಾಕು ಬಂದು ಬಾಗಿಲಲ್ಲಿ ನಿಂತರು. ಆಮೇಲೆ ಒಲೆಯ ಮುಂದೆ ನಿಂತರು. ಆಮೇಲೆ ಸೌಟು ಅವರ ಕೈಯಲ್ಲಿತ್ತು. ಕುದಿನೀರು ಹಾಕಿ ಜೋಳದ ಹಿಟ್ಟನ್ನು ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಿ, ಪರಾತದಲ್ಲಿ ಪಟಪಟ ಬಡಿದು, ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದರು. ರೊಟ್ಟಿ ಉಬ್ಬಿತು. ಮನೆಯಾಕೆ ನೋಡುತ್ತ ನಿಂತಳು.

ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಶಾಲೆ ನಡೆಸಿದರು. ಅವರದು ನಾಡಿಗಾಗಿ. ನಮ್ಮಾಕೆ ಅದೇ ಉಪಾಯವನ್ನು ಮಾನಕ್ಕಾಗಿ ಬಳಸಿ, ತಂಗಿಗೆ ಫೋನು ಹಚ್ಚಿ, “ಪುಂಡಿ, ರೊಟ್ಟಿ, ಎಲ್ಲಾ ಇಲ್ಲೇ ಕೋಣೆಯಲ್ಲೇ ಆಯ್ತು” ಅಂದಳು. ಯಾರು ಮಾಡಿದರೆಂದು ತಂಗಿಯೂ ಕೇಳಲಿಲ್ಲ.

ಮರುದಿನ ಲೆಕ್ಕ ತೀರಿಸುವಾಗ ಬೇಳೆ, ಹಿಟ್ಟು, ಗ್ಯಾಸು ಎಂದು ನಾನು ನೂರರ ನೋಟು ಜಾಸ್ತಿ ಚಾಚಿದೆ. ಕಾಕು ಅದನ್ನು ವಾಪಸು ನನ್ನ ಕಿಸೆಗೇ ತುರುಕಿ ಅಂದರು: “ಕಿರಾಯಿ ಕೋಣಿಗಿ ತಗೊಂಡೀನ್ರಿ, ಒಲಿಗಿ ಅಲ್ಲ. ಒಲಿ ನಂದ.”