ದೇವನಹಳ್ಳಿ ದೂರನಿರ್ಣಯ ಚಂದ್ರಿಕೆ

ವಿಷಯ: ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ಹೋಗಲು ಎಷ್ಟು ಹೊತ್ತು? ಜಯನಗರದ ಪಾರ್ಕುಗಳಲ್ಲಿ ವಾಕಿಂಗ್ ಮುಗಿಸಿ ಕೂತ, ಮಕ್ಕಳು ಅಮೆರಿಕದಲ್ಲಿರುವ ಹಿರಿಯರಲ್ಲಿ ಈ ಕುರಿತು ಒಮ್ಮತವಿಲ್ಲ. ಆದ್ದರಿಂದ ಈ ಗ್ರಂಥದ ಅವತರಣ.

ಪೂರ್ವಪಕ್ಷ: ಭೂಗೋಳವಾದಿಗಳು ಸುಮಾರು 14,000 ಕಿ.ಮೀ. ಎನ್ನುತ್ತಾರೆ. ಗೋಡೆಯ ನಕ್ಷೆಗೆ ಸ್ಕೇಲು ಹಿಡಿದರೆ ಈ ಲೆಕ್ಕ ದಕ್ಕದು. ಮೊಮ್ಮಗನ ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿದು ನೋಡಿ. ಅದು ತಾನಾಗಿ ಉತ್ತರಕ್ಕೆ ಜಾರಿ, ಆರ್ಕ್ಟಿಕ್ ವೃತ್ತವನ್ನೂ ದಾಟಿ ನಿಲ್ಲುತ್ತದೆ. ಅದೇ ಒಳದಾರಿ. 2021ರ ಜನವರಿ 9ರಂದು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆಯೇ ಹಾಯಿಸಿ, ನಡುವೆಲ್ಲೂ ಇಳಿಸದೆ, 17 ಗಂಟೆಗೂ ಮಿಕ್ಕಿ ಹಾರಿಸಿ ಬೆಂಗಳೂರಿಗೆ ತಂದರು.

ಖಂಡನೆ: ಇದೆಲ್ಲ ನಿಜ, ಆದರೆ ಅಪ್ರಸ್ತುತ. ದೂರವನ್ನು ಕಿಲೋಮೀಟರಿನಲ್ಲಿ ಹೇಳುವ ಬೆಂಗಳೂರಿಗ ಇನ್ನೂ ಹುಟ್ಟಿಲ್ಲ. ‘ಎಷ್ಟು ದೂರ?’ ಎಂದರೆ ‘ಟ್ರಾಫಿಕ್ ಇಲ್ಲದಿದ್ದರೆ ಅರ್ಧ ಗಂಟೆ’ ಎಂಬುದೇ ಇಲ್ಲಿನ ಸಂಪ್ರದಾಯ. ಆದಕಾರಣ ಗಡಿಯಾರವೊಂದೇ ಪ್ರಮಾಣ.

ಸಿದ್ಧಾಂತ: ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಮಧ್ಯಾಹ್ನ 2.30ಕ್ಕೆ ಇಲ್ಲಿಂದ ಎದ್ದು 16 ಗಂಟೆ ಹಾರಿದ ವಿಮಾನ ಅಲ್ಲಿ ಅದೇ ದಿನ ಸಂಜೆ 5ಕ್ಕೆ ಇಳಿಯುತ್ತದೆ. ಪ್ರಯಾಣಕಾಲ ಎರಡೂವರೆ ಗಂಟೆ.

ಇನ್ನು ಜಯನಗರದಿಂದ ವಿಮಾನ ನಿಲ್ದಾಣವಿರುವ ದೇವನಹಳ್ಳಿ. ಮೂರು ಗಂಟೆ ಮುಂಚೆ ಅಲ್ಲಿರಬೇಕು, ಹೆಬ್ಬಾಳದ ಟ್ರಾಫಿಕ್ ಮೇಲೆ ಭರವಸೆ ಇಡುವಂತಿಲ್ಲ, ಹಾಗಾಗಿ 9.30ಕ್ಕೇ ಮನೆ ಬಿಡಬೇಕು. ಬಿಡುವ ಹೊತ್ತಿಗೆ ಸರಿಯಾಗಿ ಅತ್ತೆಯವರು ಮೆಂತ್ಯದ ಹಿಟ್ಟಿನ ಡಬ್ಬಿ ತರುತ್ತಾರೆ. ಅಳಿಯ ಸೂಟ್‌ಕೇಸನ್ನು ಅಪ್ಪಿಕೊಂಡು ತೂಕದ ಯಂತ್ರ ಹತ್ತುತ್ತಾನೆ, ತನ್ನ ತೂಕ ಕಳೆಯುತ್ತಾನೆ. 23 ಕಿಲೋ ಮೀರಿರುತ್ತದೆ. ಜಿಪ್ ಬಿಚ್ಚಿ ಜೀನ್ಸ್ ಪ್ಯಾಂಟು ಹೊರಗೆ, ಹಿಟ್ಟು ಒಳಗೆ. ಈ ಅವಧಿಯನ್ನು ಬಿಟ್ಟರೂ ಮನೆಯಿಂದ ವಿಮಾನ ಏಳುವವರೆಗೆ ಐದು ಗಂಟೆ. ಅಂದಮೇಲೆ ದೇವನಹಳ್ಳಿಯು ಸ್ಯಾನ್ ಫ್ರಾನ್ಸಿಸ್ಕೊಗಿಂತ ಎರಡು ಪಟ್ಟು ದೂರದಲ್ಲಿದೆ ಎಂದು ಸಿದ್ಧವಾಯಿತು.

ಆಕ್ಷೇಪ: ‘ಸೊಂಟಕ್ಕೆ 16 ಗಂಟೆಯೂ ಗೊತ್ತಾಗುತ್ತದಲ್ಲ?’ ಇದು ಪ್ರತ್ಯಕ್ಷ ಪ್ರಮಾಣವಾದ್ದರಿಂದ ತಳ್ಳಿಹಾಕುವಂತಿಲ್ಲ. ಆದರೆ ಇಕಾನಮಿ ಸೀಟಿನವರಿಗೆ ಮಾತ್ರ ಅನ್ವಯ.

ಉಪಸಿದ್ಧಾಂತ: ಬರುವಾಗ ಲೆಕ್ಕ ತಿರುಗುಮುರುಗು. ಮೇಲೆ ಹೇಳಿದ ವಿಮಾನ ಶನಿವಾರ ರಾತ್ರಿ ಹೊರಟು ಸೋಮವಾರ ಬೆಳಗಿನ ಜಾವ ಇಳಿಯಿತು. ಗಡಿಯಾರದ ಪ್ರಕಾರ ಸುಮಾರು 31 ಗಂಟೆ, ನಡುವೆ ಒಂದು ಭಾನುವಾರ ಸ್ವಾಹಾ. ಹೋಗಲು ಎರಡೂವರೆ, ಬರಲು ಮೂವತ್ತೊಂದು! ಹೋದ ಮಕ್ಕಳು ವರ್ಷಗಟ್ಟಲೆ ಇತ್ತ ತಲೆ ಹಾಕದಿರುವುದಕ್ಕೆ ಶಾಸ್ತ್ರೀಯ ಕಾರಣ ಇದೊಂದೇ. ಸೊಸೆಯನ್ನು ದೂರುವುದು ಅಶಾಸ್ತ್ರೀಯ.

ಫಲಶ್ರುತಿ: ಇದನ್ನು ನಿತ್ಯ ಪಠಿಸುವ ತಂದೆತಾಯಿಗಳಿಗೆ ‘ಮುಂದಿನ ಡಿಸೆಂಬರ್‌ಗೆ ಖಂಡಿತ ಬರ್ತೀವಿ’ ಎಂಬ ಮಾತನ್ನು ಪ್ರತಿ ಡಿಸೆಂಬರಿನಲ್ಲೂ ನಂಬುವ ಶಕ್ತಿ ಲಭಿಸುವುದು.