ಪ್ರದಕ್ಷಿಣ ದರ್ಪಣ: ಮಿಕ್ಸಿ, ಮೀಟರು ಮತ್ತು ಕೋಡ್ ಎಡಿಟರುಗಳ ಪುಣ್ಯವಿಚಾರ

ಪೀಠಿಕೆ: ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನಲ್ಲಿ 1966ರಲ್ಲಿ ಟಿಬೆಟನ್ ಕಾಲೊನಿ ನೆಲೆಗೊಂಡಿತು. ಡ್ರೆಪುಂಗ್, ಗಾದೆನ್ ಮಠಗಳು ಇಲ್ಲಿ ಮರುಹುಟ್ಟು ಪಡೆದವು. ಭಿಕ್ಷುಗಳು ಅಂಗಳದಲ್ಲಿ ಚಪ್ಪಾಳೆ ತಟ್ಟಿ ತರ್ಕ ಮಾಡುತ್ತಾರೆ. ಮಿಕ್ಸಿ ಮಾತ್ರ ಆ ತರ್ಕದ ಪಠ್ಯದಲ್ಲಿಲ್ಲ. ಕಾಲೊನಿಯ ಮಗ್ಗುಲಲ್ಲಿದ್ದು ಮನೆಯಿಂದಲೇ ಕೋಡ್ ಬರೆಯುವ ನಾನು ಆ ಕೊರತೆಯನ್ನು ತುಂಬುತ್ತಿದ್ದೇನೆ.

ಸೂತ್ರ 1: ಬಲಸುತ್ತು ಜಮೆ, ಎಡಸುತ್ತು ಖರ್ಚು.
ವೃತ್ತಿ: ಮಣಿಚಕ್ರವನ್ನು, ಅಂದರೆ ಒಳಗೆ ಮಂತ್ರ ತುಂಬಿದ ಟಿಬೆಟನ್ನರ ಪ್ರಾರ್ಥನಾಚಕ್ರವನ್ನು, ಪುಣ್ಯಕ್ಕಾಗಿ ಗಡಿಯಾರದ ಮುಳ್ಳಿನಂತೆ ತಿರುಗಿಸಬೇಕು. ಹಳೆಯ ಕರೆಂಟು ಮೀಟರಿನ ಅಲ್ಯೂಮಿನಿಯಂ ತಟ್ಟೆಯನ್ನು ಮೇಲಿನಿಂದ ನೋಡಿದರೆ ಅದು ತಿರುಗುವುದು ಎಡಕ್ಕೆ. ತಿಂಗಳಾಗುತ್ತಲೇ ಬರುವ ಬಿಲ್ಲೇ ಪ್ರಮಾಣ. ಹಾಗೆಂದು ಮೀಟರನ್ನು ಪಾಪಿ ಎನ್ನಲಾಗದು. ಟಿಬೆಟಿನ ಬೋನ್ ಪಂಥದವರೂ ಎಡಸುತ್ತೇ ಬರುತ್ತಾರೆ, ಮತಭೇದ ಅಷ್ಟೆ.

ಸೂತ್ರ 2: ಎರಡೂ ಕಡೆ ಸುತ್ತಿದರೆ ಸೊನ್ನೆ.
ವೃತ್ತಿ: ಕಡಗೋಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಗಳಿಸಿದ ಪುಣ್ಯವೆಲ್ಲ ಅಲ್ಲಲ್ಲೇ ತೀರಿ, ಬೆಣ್ಣೆಯೊಂದೇ ಲಾಭ. ಟಿಬೆಟನ್ನರು ಬೆಣ್ಣೆ ಚಹಾ ಕಡೆಯುವ ಕೊಳವೆಯ ಕೋಲು ಬರೀ ಮೇಲೆ ಕೆಳಗೆ ಆಡುವುದರಿಂದ ಶಾಸ್ತ್ರದ ಹೊರಗಿತ್ತು. ಮಿಕ್ಸಿಗೆ ಬಿದ್ದ ಮೇಲೆ ಚಹಾವೂ ಒಳಗೆ ಬಂತು. ಮಿಕ್ಸಿಯ ಗುಂಡಿ ಬಲಕ್ಕೆ ತಿರುಗಿದರೆ 1, 2, 3 ಎಂದು ನಿಲ್ಲುತ್ತದೆ. ಎಡಕ್ಕೆ ತಿರುಗಿಸಿದರೆ ಕೈಬಿಟ್ಟೊಡನೆ ಎಲ್ಲವೂ ಸ್ತಬ್ಧ. ಬೌದ್ಧರ ಕ್ಷಣಿಕವಾದಕ್ಕೆ ಅಡುಗೆಮನೆಯಲ್ಲಿ ಬೇರೆ ದೃಷ್ಟಾಂತ ಬೇಕಿಲ್ಲ.

ಸೂತ್ರ 3: ಅನ್‌ಡೂ ಪುಣ್ಯನಾಶಕ.
ವೃತ್ತಿ: ಬಹುತೇಕ ತಂತ್ರಾಂಶಗಳಲ್ಲಿ ಅನ್‌ಡೂ ಬಾಣ ಎಡಕ್ಕೆ ಬಾಗಿದೆ, ರೀಡೂ ಬಲಕ್ಕೆ. ವಿಎಸ್ ಕೋಡ್ ಎಡಿಟರ್‌ನಲ್ಲಿ ಹಿಂದೆ ಸರಿದು ಒಂದಕ್ಷರ ಹೊಸದಾಗಿ ಒತ್ತಿದರೆ ಬಿಟ್ಟುಬಂದ ಜನ್ಮಕ್ಕೆ ರೀಡೂ ಸಿಗದು. ವಿಮ್ ಹಾಗಲ್ಲ, 2006ರ 7ನೇ ಆವೃತ್ತಿಯಿಂದ ಹಳೆಯ ಜನ್ಮಗಳನ್ನೆಲ್ಲ ಕೊಂಬೆಕೊಂಬೆಯಾಗಿ ಕಾಪಾಡುತ್ತದೆ. ಈಮ್ಯಾಕ್ಸ್‌ನಲ್ಲಿ ಅನ್‌ಡೂವನ್ನೇ ಅನ್‌ಡೂ ಮಾಡಬಹುದು. ಸಂಸಾರಚಕ್ರ ಅಂದರೆ ಇದೇ. ನಿರ್ವಾಣ ಬೇಕಾದವರು ಎಡಿಟರಿನಿಂದ ಹೊರಬರಬೇಕು. ವಿಮ್‌ಗೆ ಹೊಸಬರಾದವರಿಗೆ ಅದೂ ಸುಲಭಸಾಧ್ಯವಲ್ಲ.

ಆಕ್ಷೇಪ: ಪರದೆಯ ಮೇಲೆ ಲೋಡಿಂಗ್ ಚಕ್ರ ತಾನೇ ಸುತ್ತುತ್ತದೆ. ಸುಮ್ಮನೆ ಕೂತವನಿಗೆ ಎಲ್ಲಿಯ ಪುಣ್ಯ?
ಪರಿಹಾರ: ಹಿಮಾಲಯದಲ್ಲಿ ನೀರು, ಗಾಳಿ ತಿರುಗಿಸುವ ಮಣಿಚಕ್ರಗಳೂ ಇವೆ. ಹಾರ್ಡ್ ಡಿಸ್ಕ್‌ನಲ್ಲಿ ಮಂತ್ರ ಬರೆದಿಟ್ಟರೂ ಸಾಕೆನ್ನುವವರಿದ್ದಾರೆ. ನಿಮಿಷಕ್ಕೆ 7200 ಸುತ್ತು! ಎಸ್‌ಎಸ್‌ಡಿಗೆ ತಿರುಗುವ ತಟ್ಟೆಯೇ ಇಲ್ಲ. ಅದನ್ನು ಹಾಕಿಸಿದ ದಿನದಿಂದ ನನ್ನ ವೇಗ ಏರಿತು, ಪುಣ್ಯ ನಿಂತಿತು. ಲೋಡಿಂಗ್ ಚಕ್ರವನ್ನು ಕಣ್ಣುಮುಚ್ಚದೆ ನೋಡುವುದೇ ಈಗ ಉಳಿದ ಸಾಧನೆ.

ಭಿನ್ನಮತ: “ಪುಣ್ಯ ಆಮ್ಯಾಲೆ ಗಳಸ್ರಿ. ಕರೆಂಟ್ ಇರೋದ್ರೊಳಗ ಮೊದ್ಲ ಚಟ್ನಿ ರುಬ್ರಿ” ಎಂಬುದು ನಮ್ಮ ಮನೆಯವರ ವಾದ. ಮುಂಡಗೋಡದ ಮಳೆಗಾಲ ಈ ಪಕ್ಷಕ್ಕೆ ಬಲ ಕೊಡುವುದರಿಂದ ಖಂಡನೆಯನ್ನು ಮುಂದೂಡಲಾಗಿದೆ.

ಫಲಶ್ರುತಿ: ಇದನ್ನು ನಿತ್ಯ ಓದುವವರ ಮಿಕ್ಸಿ ಜಾರಿನ ಮುಚ್ಚಳ ಹಾರದು. ಭಕ್ತಿಯಿಂದ ಕೇಳುವವರ ಕೋಡಿನಲ್ಲಿ ಸೆಮಿಕೋಲನ್ ತಪ್ಪದು. ಅಲ್ಲಗಳೆಯುವವರು ಮುಂದಿನ ಏಳು ಜನ್ಮ ಬೇರೆಯವರು ಬರೆದ ಕೋಡನ್ನು ತಿದ್ದುತ್ತಿರುವರು, ಅದರಲ್ಲಿ ಒಂದು ಕಾಮೆಂಟೂ ಇರದು.